ಶಾಂತಿ ಒಂಟಿಯಾಗಿ ಬರುವುದಿಲ್ಲ: ಪ್ರಾಚೀನ ಗ್ರೀಕ್ ಜ್ಞಾನಿಗಳು ಕಂಡ ಶಾಂತಿ



ಪ್ರತಿ ಬಲಿಪೂಜೆಯಲ್ಲೂ ನಾವು ಪಕ್ಕದಲ್ಲಿರುವವರತ್ತ ತಿರುಗಿ ಶಾಂತಿಯನ್ನು ಹಾರೈಸುತ್ತೇವೆ. ಹಬ್ಬ ಬಂತೆಂದರೆ ನಮ್ಮ ಶುಭಾಶಯಗಳಲ್ಲಿ ಮೊದಲು ಬರುವ ಪದವೂ ಅದೇ. ಆದರೆ ಕೈಯಿಂದ ಕೈಗೆ ಓಡಾಡಿದ ನಾಣ್ಯದ ಮುದ್ರೆ ಸವೆದುಹೋಗುವಂತೆ, ಬಾಯಿಂದ ಬಾಯಿಗೆ ಓಡಾಡಿದ ಪದದ ಅರ್ಥವೂ ಸವೆಯುತ್ತದೆ. ಶಾಂತಿ ಎಂದರೇನು? ಜಗಳ ನಿಂತುಹೋದರೆ ಅದು ಶಾಂತಿಯೇ? ಮಾತುಬಿಟ್ಟ ಇಬ್ಬರು ಅಣ್ಣತಮ್ಮಂದಿರ ಮನೆಗಳ ನಡುವಿನ ಮೌನವನ್ನೂ ಶಾಂತಿಯೆಂದು ಕರೆಯಬಹುದೇ? ಈ ಪ್ರಶ್ನೆಗಳನ್ನು ಸುಮಾರು 2,400 ವರ್ಷಗಳ ಹಿಂದೆಯೇ, ಯುದ್ಧದ ಹೊಗೆಯ ನಡುವೆ ನಿಂತು ಕೇಳಿದವರು ಗ್ರೀಕರು. ಅವರು ಕಂಡುಕೊಂಡ ಉತ್ತರಗಳು ಇಂದಿಗೂ ನಮ್ಮ ಮನೆಯಂಗಳಕ್ಕೆ ಸಲ್ಲುವಂಥವು.

ಗ್ರೀಕ್ ಭಾಷೆಯಲ್ಲಿ ಶಾಂತಿಗೆ 'ಐರೇನೆ' ಎಂದು ಹೆಸರು. ಈ ಪದ ನಮಗೆ ದೂರದ್ದೇನಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಇಡುವ ಐರಿನ್ ಎಂಬ ಹೆಸರು ಹುಟ್ಟಿದ್ದು ಇದರಿಂದಲೇ. 2ನೆಯ ಶತಮಾನದಲ್ಲಿ ಲಿಯೋನ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಇರೇನಿಯಸರ ಹೆಸರೂ ಇದೇ ಬೇರಿನದು. 2022ರಲ್ಲಿ ವಿಶ್ವಗುರು ಫ್ರಾನ್ಸಿಸರು ಅವರನ್ನು ಧರ್ಮಸಭೆಯ ಪಂಡಿತರೆಂದು ಸಾರಿ, 'ಐಕ್ಯತೆಯ ಪಂಡಿತ' ಎಂಬ ಬಿರುದನ್ನಿತ್ತರು. ಆದರೆ ಕ್ರೈಸ್ತರ ಕೈಗೆ ಬರುವ ಮುನ್ನ ಈ ಪದ ಗ್ರೀಕರ ನಡುವೆ ಏಳುನೂರು ವರ್ಷಗಳಿಗೂ ಹೆಚ್ಚು ಕಾಲ ಬಾಳಿತ್ತು. ಅದು ನಡೆದುಬಂದ ಹಾದಿಯನ್ನು ಇಲ್ಲಿ ನೋಡೋಣ.

ಮೂವರು ಸಹೋದರಿಯರು

ಕ್ರಿ.ಪೂ. 700ರ ಸುಮಾರಿಗೆ ಗ್ರೀಸಿನ ಬಿಯೋಷಿಯಾ ಪ್ರಾಂತದ ಆಸ್ಕ್ರ ಎಂಬ ಹಳ್ಳಿಯಲ್ಲಿ ಹೆಸಿಯಡ್ ಎಂಬ ಕವಿಯಿದ್ದ. ಅವನು ಹೊಲ ಉಳುವ ರೈತನೂ ಹೌದು. ತಂದೆಯ ಆಸ್ತಿಯನ್ನು ಹಂಚಿಕೊಳ್ಳುವಾಗ ಸೋದರ ಪರ್ಸೆಸನೊಡನೆ ಅವನಿಗೆ ವ್ಯಾಜ್ಯವಾಯಿತು. ಪರ್ಸೆಸ್ ತನ್ನ ಪಾಲಿಗಿಂತ ಹೆಚ್ಚು ಕಬಳಿಸಿದ, ಲಂಚ ತಿನ್ನುವ ಅಧಿಪತಿಗಳು ಅವನ ಬೆನ್ನಿಗೆ ನಿಂತರು ಎಂಬುದು ಹೆಸಿಯಡನ ದೂರು. ಪಾಲುಪಟ್ಟಿಯ ಜಗಳದ ಬಿಸಿ ಎಂಥದೆಂದು ಬಲ್ಲವರಿಗೆ ಅವನ ಸಂಕಟ ಅರ್ಥವಾದೀತು.

ಈ ಹೆಸಿಯಡನೇ ದೇವತೆಗಳ ವಂಶಾವಳಿಯನ್ನು ಹಾಡುವಾಗ ಐರೇನೆಯನ್ನು ಒಬ್ಬ ದೇವತೆಯಾಗಿ ಹೆಸರಿಸುತ್ತಾನೆ. ಆದರೆ ಅವಳನ್ನು ಒಂಟಿಯಾಗಿ ಹೆಸರಿಸುವುದಿಲ್ಲ. ಅವಳು ಮೂವರು ಸಹೋದರಿಯರಲ್ಲಿ ಒಬ್ಬಳು. ಯೂನೋಮಿಯಾ ಎಂದರೆ ಒಳ್ಳೆಯ ಕಟ್ಟಳೆ, ಡಿಕೆ ಎಂದರೆ ನ್ಯಾಯ, ಐರೇನೆ ಎಂದರೆ ಶಾಂತಿ. ಮೂವರಿಗೂ ತಾಯಿ ಥೆಮಿಸ್, ಅಂದರೆ ಧರ್ಮಮರ್ಯಾದೆ. ಕಟ್ಟಳೆಯಿಲ್ಲದ, ನ್ಯಾಯವಿಲ್ಲದ ಮನೆಗೆ ಶಾಂತಿ ಕಾಲಿಡುವುದಿಲ್ಲ ಎಂಬ ಪಾಠ ಈ ಕತೆಯೊಳಗೇ ಅಡಗಿದೆ. ಅನ್ಯಾಯದ ತೀರ್ಪಿನಿಂದ ನೊಂದ ರೈತನೊಬ್ಬ ಇದನ್ನು ಹಾಡಿದನೆಂಬುದು ಗಮನಿಸಬೇಕಾದ ಸಂಗತಿ. ನ್ಯಾಯ ನಡೆಯುವ ಊರಿನಲ್ಲಿ ಮಾತ್ರ ಶಾಂತಿ ಮಕ್ಕಳನ್ನು ಪೊರೆಯುತ್ತಾಳೆ ಎಂಬುದು ಅವನ ನಂಬಿಕೆ.

ಮುಂದೆ ಕ್ರಿ.ಪೂ. 4ನೆಯ ಶತಮಾನದಲ್ಲಿ ಅಥೆನ್ಸಿನವರು ಐರೇನೆಗೆ ಬಲಿಯರ್ಪಿಸುವ ಪದ್ಧತಿ ಆರಂಭಿಸಿದರು, ಪೇಟೆಯ ಚೌಕದಲ್ಲಿ ಅವಳ ಪ್ರತಿಮೆಯನ್ನೂ ನಿಲ್ಲಿಸಿದರು. ಶಿಲ್ಪಿ ಕೆಫಿಸೊಡೋಟಸ್ ಅವಳ ತೋಳಿನಲ್ಲಿ ಒಂದು ಹಸುಗೂಸನ್ನು ಇಟ್ಟಿದ್ದ. ಆ ಮಗುವಿನ ಹೆಸರು ಪ್ಲೂಟಸ್, ಅಂದರೆ ಸಮೃದ್ಧಿ. ಆ ಪ್ರತಿಮೆಯ ರೋಮನ್ ಕಾಲದ ಪ್ರತಿಯೊಂದು ಇಂದಿಗೂ ಜರ್ಮನಿಯ ಮ್ಯೂನಿಕ್ ನಗರದ ಸಂಗ್ರಹಾಲಯದಲ್ಲಿದೆ. ನ್ಯಾಯ ಶಾಂತಿಯ ಸಹೋದರಿ, ಸಮೃದ್ಧಿ ಶಾಂತಿಯ ಕೂಸು. ಗ್ರೀಕರು ಶಾಂತಿಗೆ ಒಂದು ಸಂಸಾರವನ್ನೇ ಕಟ್ಟಿಕೊಟ್ಟರು.

ಅವಧಿ ಬರೆದಿಟ್ಟ ಶಾಂತಿ

ಕಲ್ಪನೆ ಹೀಗಿದ್ದರೂ ಆಚರಣೆ ಬೇರೆಯೇ ಆಗಿತ್ತು. ನೂರಾರು ಪುಟ್ಟ ನಗರರಾಜ್ಯಗಳಾಗಿ ಒಡೆದಿದ್ದ ಗ್ರೀಸಿನಲ್ಲಿ ಯುದ್ಧವೇ ವಾಡಿಕೆ, ಶಾಂತಿ ಅದರ ನಡುವಿನ ಬಿಡುವು. ಒಪ್ಪಂದಕ್ಕೆ ಅವರು ಬಳಸುತ್ತಿದ್ದ ಪದ 'ಸ್ಪೊಂಡೈ'. ಅದರ ಮೂಲಾರ್ಥ, ದೇವತೆಗಳ ಹೆಸರಿನಲ್ಲಿ ನೆಲಕ್ಕೆ ಎರೆಯುವ ದ್ರಾಕ್ಷಾರಸ. ಆ ಒಪ್ಪಂದಗಳಿಗೆ ಸಾಮಾನ್ಯವಾಗಿ ಅವಧಿಯೂ ಇರುತ್ತಿತ್ತು: ಐದು ವರ್ಷ, ಮೂವತ್ತು ವರ್ಷ, ಐವತ್ತು ವರ್ಷ. ಅವಧಿ ಮುಗಿದರೆ ಶಾಂತಿಯೂ ಮುಗಿಯಿತು.

ಒಲಿಂಪಿಕ್ ಕ್ರೀಡೆಗಳ ಸಮಯದ ಪವಿತ್ರ ವಿರಾಮವನ್ನು ನಾವು ಬಹಳ ಕೊಂಡಾಡುತ್ತೇವೆ. ಆ ವಿರಾಮಕ್ಕೆ 'ಎಕೆಕೈರಿಯಾ' ಎಂದು ಹೆಸರು, ಕೈಗಳನ್ನು ತಡೆಹಿಡಿಯುವುದು ಎಂದು ಅರ್ಥ. ಆದರೆ ಅದು ಎಲ್ಲ ಯುದ್ಧಗಳನ್ನೂ ನಿಲ್ಲಿಸುತ್ತಿರಲಿಲ್ಲ. ಕ್ರೀಡೆಗೆ ಹೋಗಿಬರುವವರಿಗೂ ಒಲಿಂಪಿಯಾ ಕ್ಷೇತ್ರಕ್ಕೂ ರಕ್ಷಣೆ ನೀಡುತ್ತಿತ್ತು, ಅಷ್ಟೇ. ಕ್ರಿ.ಪೂ. 420ರಲ್ಲಿ ಈ ವಿರಾಮವನ್ನು ಮುರಿದರೆಂದು ಸ್ಪಾರ್ಟಾದವರಿಗೆ ದಂಡ ವಿಧಿಸಿ, ದಂಡ ಕಟ್ಟದಿದ್ದಾಗ ಕ್ರೀಡೆಯಿಂದಲೇ ಹೊರಗಿಡಲಾಯಿತು. ಕೈ ತಡೆದರೂ ಮನಸ್ಸು ತಡೆಯದಿದ್ದರೆ ಆಗುವುದು ಇಷ್ಟೇ.

ಈ ಬಗೆಯ ಶಾಂತಿಯ ದೌರ್ಬಲ್ಯ ಬಯಲಾದದ್ದು ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವಿನ ಪೆಲೊಪೊನ್ನೀಸಿಯನ್ ಯುದ್ಧದಲ್ಲಿ. ಕ್ರಿ.ಪೂ. 446-445ರಲ್ಲಿ ಮಾಡಿಕೊಂಡ ಮೂವತ್ತು ವರ್ಷಗಳ ಶಾಂತಿ ಹದಿನೈದನೆಯ ವರ್ಷಕ್ಕೇ ಮುರಿದುಬಿತ್ತು. ಕ್ರಿ.ಪೂ. 431ರಲ್ಲಿ ಯುದ್ಧ ಹೊತ್ತಿಕೊಂಡಿತು. ಮರುವರ್ಷ ಕೋಟೆಯೊಳಗೆ ಕಿಕ್ಕಿರಿದಿದ್ದ ಅಥೆನ್ಸಿನ ಜನರ ಮೇಲೆ ಮಹಾಮಾರಿ ಎರಗಿತು. ಹತ್ತು ವರ್ಷ ಹೋರಾಡಿ ದಣಿದ ಮೇಲೆ, ಕ್ರಿ.ಪೂ. 421ರಲ್ಲಿ, ಐವತ್ತು ವರ್ಷಗಳಿಗೆಂದು 'ನಿಕಿಯಸನ ಶಾಂತಿ'ಗೆ ಸಹಿ ಬಿತ್ತು. ಏಳು ವರ್ಷ ತುಂಬುವ ಮೊದಲೇ ಅದೂ ಕುಸಿಯಿತು. ಅದು ಶಾಂತಿಯಾಗಿರಲಿಲ್ಲ, ಬೂದಿ ಮುಚ್ಚಿದ ಕೆಂಡವಾಗಿತ್ತು.

ಆ ವರ್ಷದ ವಸಂತದಲ್ಲಿ, ಒಪ್ಪಂದಕ್ಕೆ ಕೆಲವೇ ದಿನಗಳ ಮುನ್ನ, ಅರಿಸ್ಟೋಫೇನಿಸ್ ಎಂಬ ಹಾಸ್ಯ ನಾಟಕಕಾರ 'ಶಾಂತಿ' ಎಂಬ ನಾಟಕವನ್ನು ಆಡಿಸಿದ. ದ್ರಾಕ್ಷಿ ಬೆಳೆಯುವ ರೈತನೊಬ್ಬ ದೈತ್ಯ ಸಗಣಿಹುಳುವಿನ ಬೆನ್ನೇರಿ ದೇವಲೋಕಕ್ಕೆ ಹಾರುತ್ತಾನೆ. ಅಲ್ಲಿ ನೋಡಿದರೆ ಯುದ್ಧದೇವ ಶಾಂತಿಯನ್ನು ಗವಿಯೊಳಗೆ ತಳ್ಳಿ ಕಲ್ಲುಗಳನ್ನು ಪೇರಿಸಿದ್ದಾನೆ. ಎಲ್ಲ ಊರಿನವರೂ ಸೇರಿ ಹಗ್ಗ ಹಾಕಿ ಎಳೆಯುತ್ತಾರೆ. ಕೆಲವರು ಎಳೆದಂತೆ ನಟಿಸುತ್ತಾರೆ, ಕೆಲವರು ಅಡ್ಡಿಯಾಗುತ್ತಾರೆ. ಕೊನೆಗೆ ರೈತರು ಮಾತ್ರ ಒಟ್ಟಾಗಿ ಎಳೆದಾಗ ಶಾಂತಿ ಹೊರಬರುತ್ತಾಳೆ. ಕುಡುಗೋಲು ಮಾಡುವವನು ಕುಣಿದಾಡಿದರೆ, ಶಿರಸ್ತ್ರಾಣ ಮತ್ತು ಭರ್ಜಿ ಮಾರುವವರು ಗೋಳಾಡುತ್ತಾರೆ. ನಗುನಗುತ್ತಲೇ ನಾಟಕ ಒಂದು ಕಹಿ ಸತ್ಯವನ್ನು ಹೇಳಿತು: ಶಾಂತಿ ಬಂದರೆ ನಷ್ಟವಾಗುವವರೂ ನಮ್ಮ ನಡುವೆ ಇರುತ್ತಾರೆ.

ಹಾಸ್ಯ ಬೇಗನೆ ಆರಿಹೋಯಿತು. ಮೆಲೋಸ್ ಎಂಬ ಪುಟ್ಟ ದ್ವೀಪ ಯಾವ ಪಕ್ಷಕ್ಕೂ ಸೇರದೆ ಉಳಿಯಬಯಸಿತು. ಕ್ರಿ.ಪೂ. 416ರಲ್ಲಿ ಅದಕ್ಕೆ ಮುತ್ತಿಗೆ ಹಾಕಿದ ಅಥೆನ್ಸ್, ಊರು ಶರಣಾದ ಮೇಲೆ ಕೈಗೆ ಸಿಕ್ಕ ಪ್ರಾಯದ ಗಂಡಸರನ್ನು ಕೊಂದಿತು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿತು. ಕೋಣಗಳೆರಡು ಕಾದಾಡಿದಾಗ ನಡುವಿನ ಗಿಡ ನಜ್ಜುಗುಜ್ಜಾಯಿತು. ಈ ಯುದ್ಧ ಕ್ರಿ.ಪೂ. 404ರಲ್ಲಿ ಅಥೆನ್ಸಿನ ಸೋಲಿನೊಂದಿಗೆ ಮುಗಿಯಿತು.

ಮೂರನೆಯ ನ್ಯಾಯಾಧೀಶ

ಈ ಯುದ್ಧದ ನಡುವೆಯೇ ಹುಟ್ಟಿ ಬೆಳೆದವನು ಪ್ಲೇಟೋ. ಅವನ ಗುರು ಸಾಕ್ರೆಟಿಸ್ ಇದೇ ಯುದ್ಧಕಾಲದಲ್ಲಿ ಸೈನಿಕನಾಗಿ ಹೋರಾಡಿದ್ದವನು. ಯುದ್ಧ ನಿಂತು ಐದು ವರ್ಷಗಳಾದ ಮೇಲೆ, ಕ್ರಿ.ಪೂ. 399ರಲ್ಲಿ, ಅದೇ ಅಥೆನ್ಸ್ ಅವನಿಗೆ ವಿಷ ಕುಡಿಸಿತು. ಹೊರಗಿನ ಯುದ್ಧ ನಿಂತಿದ್ದರೂ ಊರಿನೊಳಗೆ ಶಾಂತಿಯಿರಲಿಲ್ಲ. ಹಾಗಾದರೆ ಯುದ್ಧದ ಬೇರು ಎಲ್ಲಿದೆ? ಪ್ಲೇಟೋ ಅದನ್ನು ಹುಡುಕುತ್ತ ಹೋದ.

ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಅವನು ಮೊದಲು ಒಂದು ಸರಳವಾದ ಊರನ್ನು ಚಿತ್ರಿಸುತ್ತಾನೆ. ಅಲ್ಲಿಯ ಜನ ಗೋಧಿ, ಬಾರ್ಲಿ, ಆಲಿವ್, ಗಿಣ್ಣು, ಅಂಜೂರ, ಕಡಲೆಗಳನ್ನು ತಿಂದುಕೊಂಡು ನೆಮ್ಮದಿಯಾಗಿದ್ದಾರೆ. ನಂತರ ಆಸೆಗಳು ಬೆಳೆಯುತ್ತವೆ. ಮೆತ್ತೆಯ ಆಸನ, ಸುಗಂಧ, ಚಿನ್ನ, ದಂತ ಎಲ್ಲವೂ ಬೇಕಾಗುತ್ತವೆ. ಇದ್ದ ನೆಲ ಸಾಲದಾಗುತ್ತದೆ, ಪಕ್ಕದ ಊರಿನ ನೆಲದ ಮೇಲೆ ಕಣ್ಣು ಬೀಳುತ್ತದೆ. ಅವರಿಗೂ ಅದೇ ಆಸೆ. ಯುದ್ಧ ಹುಟ್ಟುವುದು ಅಲ್ಲಿ. ಬೇಲಿ ಸರಿಸುವ ಕೈಗಿಂತ ಮೊದಲು ಸರಿದಿರುವುದು ಮನಸ್ಸು ಎಂಬುದನ್ನು ಅವನು ಗುರುತಿಸಿದ. ಆದುದರಿಂದಲೇ ಅವನ ಪಾಲಿಗೆ ನ್ಯಾಯವೆಂದರೆ ಮೊದಲು ಆತ್ಮದೊಳಗಿನ ಒಪ್ಪಂದ. ವಿವೇಕ ಮುನ್ನಡೆಸಬೇಕು, ಕೆಚ್ಚು ಅದಕ್ಕೆ ಹೆಗಲು ಕೊಡಬೇಕು, ಆಸೆ ತನ್ನ ಎಲ್ಲೆಯಲ್ಲಿರಬೇಕು.

ಅದೇ ಗ್ರಂಥದಲ್ಲಿ ಅವನು ಯುದ್ಧಕ್ಕೂ ಕೆಲವು ಕಟ್ಟಳೆಗಳನ್ನು ಸೂಚಿಸಿದ. ಗ್ರೀಕರು ಗ್ರೀಕರನ್ನು ಗುಲಾಮರನ್ನಾಗಿ ಮಾಡಬಾರದು, ಮನೆಗಳಿಗೆ ಬೆಂಕಿ ಇಡಬಾರದು, ಹೊಲಗಳನ್ನು ಹಾಳುಗೆಡವಬಾರದು. ಒಂದು ಊರಿನ ಗಂಡಸರು, ಹೆಂಗಸರು, ಮಕ್ಕಳು ಎಲ್ಲರನ್ನೂ ಶತ್ರುಗಳೆಂದು ಎಣಿಸದೆ, ಜಗಳಕ್ಕೆ ಕಾರಣರಾದ ಕೆಲವರನ್ನು ಮಾತ್ರ ಹೊಣೆಮಾಡಬೇಕು. ಮುಂದೊಂದು ದಿನ ರಾಜಿಯಾಗಬೇಕಾದವರು ನಾವು ಎಂಬ ಎಚ್ಚರದಿಂದಲೇ ಹೋರಾಡಬೇಕು. ಮೆಲೋಸಿನ ಸುದ್ದಿ ಕೇಳಿ ಬೆಳೆದ ಪೀಳಿಗೆಯವನ ಮಾತಿದು.

ಪ್ಲೇಟೋವಿನ ಅತ್ಯಂತ ಪಕ್ವವಾದ ಮಾತು ಬರುವುದು ಅವನು ಮುಪ್ಪಿನಲ್ಲಿ ಬರೆದ 'ಕಾನೂನುಗಳು' ಎಂಬ ಗ್ರಂಥದಲ್ಲಿ. ಕ್ರೀಟ್ ದ್ವೀಪದಲ್ಲಿ ಮೂವರು ವೃದ್ಧರು ಬೆಟ್ಟದ ಗವಿಯೊಂದಕ್ಕೆ ಯಾತ್ರೆ ಹೊರಟಿದ್ದಾರೆ. ಒಬ್ಬ ಕ್ರೀಟಿನವ, ಒಬ್ಬ ಸ್ಪಾರ್ಟಾದವ, ಇನ್ನೊಬ್ಬ ಅಥೆನ್ಸಿನವ. ಕ್ರೀಟಿನವನು, ಶಾಂತಿಯೆಂಬುದು ಬರಿಯ ಹೆಸರು, ನಿಜದಲ್ಲಿ ಎಲ್ಲ ಊರುಗಳೂ ಸದಾ ಯುದ್ಧದಲ್ಲೇ ಇರುತ್ತವೆ ಎಂದು ವಾದಿಸುತ್ತಾನೆ. ಅಥೆನ್ಸಿನವನು ತಾಳ್ಮೆಯಿಂದ ಕೇಳುತ್ತ ಹೋಗುತ್ತಾನೆ: ಹಾಗಾದರೆ ಹಳ್ಳಿಗೂ ಹಳ್ಳಿಗೂ? ಮನೆಗೂ ಮನೆಗೂ? ಒಬ್ಬ ಮನುಷ್ಯನಿಗೂ ಇನ್ನೊಬ್ಬನಿಗೂ? ಕೊನೆಗೆ ತನಗೂ ತನಗೂ?

ಆಮೇಲೆ ಅವನು ಒಂದು ಸಂಸಾರದ ಉದಾಹರಣೆ ಕೊಡುತ್ತಾನೆ. ಒಂದೇ ತಾಯಿತಂದೆಯ ಅನೇಕ ಮಕ್ಕಳು. ಅವರಲ್ಲಿ ಕೆಲವರು ನ್ಯಾಯವಂತರು, ಹಲವರು ಅಲ್ಲ. ಮನೆಯಲ್ಲಿ ಜಗಳ. ತೀರ್ಪು ಹೇಳಲು ಮೂರು ಬಗೆಯ ನ್ಯಾಯಾಧೀಶರು ಬರಬಹುದು. ಮೊದಲನೆಯವನು ಕೆಟ್ಟವರನ್ನು ತೊಡೆದುಹಾಕಿ, ಉಳಿದವರು ತಮ್ಮನ್ನು ತಾವೇ ಆಳಿಕೊಳ್ಳಲಿ ಎನ್ನುತ್ತಾನೆ. ಎರಡನೆಯವನು ಒಳ್ಳೆಯವರಿಗೆ ಅಧಿಕಾರ ಕೊಟ್ಟು, ಕೆಟ್ಟವರು ಒಪ್ಪಿ ತಗ್ಗಿ ಬಾಳುವಂತೆ ಮಾಡುತ್ತಾನೆ. ಮೂರನೆಯವನು ಯಾರನ್ನೂ ಕಳೆದುಕೊಳ್ಳದೆ, ಎಲ್ಲರಿಗೂ ಸಲ್ಲುವ ಕಟ್ಟಳೆಗಳನ್ನು ಕೊಟ್ಟು, ಅವರನ್ನು ಮತ್ತೆ ಒಬ್ಬರಿಗೊಬ್ಬರು ಸ್ನೇಹಿತರನ್ನಾಗಿ ಮಾಡುತ್ತಾನೆ. ಇವರಲ್ಲಿ ಯಾರು ಶ್ರೇಷ್ಠ? ಮೂರನೆಯವನೇ ಎಂದು ಯುದ್ಧವನ್ನು ಹೊಗಳಿದ ಕ್ರೀಟಿನವನೂ ಒಪ್ಪಿಕೊಳ್ಳಬೇಕಾಗುತ್ತದೆ.

ಇದರಿಂದ ಪ್ಲೇಟೋ ತೆಗೆಯುವ ನಿರ್ಣಯ ಸರಳ. ಯುದ್ಧದ ಏರ್ಪಾಡುಗಳು ಶಾಂತಿಗಾಗಿ ಇರಬೇಕೇ ಹೊರತು ಶಾಂತಿಯ ಏರ್ಪಾಡುಗಳು ಯುದ್ಧಕ್ಕಾಗಿ ಅಲ್ಲ. ಗೆಲುವನ್ನೇ ಪರಮಸುಖವೆಂದು ಭಾವಿಸುವವನು, ಭೇದಿಯ ಔಷಧ ಕುಡಿದು ಸುಧಾರಿಸಿಕೊಂಡ ರೋಗಿಯನ್ನೇ ಅತ್ಯಂತ ಆರೋಗ್ಯವಂತನೆಂದು ತಿಳಿದವನ ಹಾಗೆ. ಔಷಧವೇ ಬೇಡದ ದೇಹವೊಂದಿದೆ ಎಂಬುದು ಅವನಿಗೆ ಹೊಳೆದಿಲ್ಲ.

ಯಾತಕ್ಕಾಗಿ ಈ ಶಾಂತಿ?

ಪ್ಲೇಟೋವಿನ ಶಿಷ್ಯ ಅರಿಸ್ಟಾಟಲ್ ಹುಟ್ಟಿದ್ದು ಕ್ರಿ.ಪೂ. 384ರಲ್ಲಿ, ಸ್ಟಾಗಿರಾ ಎಂಬ ಊರಿನಲ್ಲಿ. ಅವನ ಹುಟ್ಟೂರನ್ನು ಮ್ಯಾಸಿಡೋನಿಯಾದ ದೊರೆ ಫಿಲಿಪ್ ನೆಲಸಮ ಮಾಡಿದ. ಆಮೇಲೆ ಅದೇ ಫಿಲಿಪನ ಮಗ ಅಲೆಕ್ಸಾಂಡರನಿಗೆ ಅರಿಸ್ಟಾಟಲ್ ಗುರುವಾದ. ನಾವು ದುಡಿಯುವುದು ಬಿಡುವಿಗಾಗಿ, ಹೋರಾಡುವುದು ಶಾಂತಿಗಾಗಿ ಎಂಬುದು ಅವನ ವಿಚಾರ. ಆದರೆ ಅವನು ಅಲ್ಲಿಗೇ ನಿಲ್ಲದೆ ಇನ್ನೊಂದು ಪ್ರಶ್ನೆ ಕೇಳಿದ. ಶಾಂತಿ ಕೈಗೆ ಬಂದ ಮೇಲೆ ಅದರಲ್ಲಿ ಬಾಳುವುದು ನಮಗೆ ಗೊತ್ತಿದೆಯೇ?

ಇದಕ್ಕೆ ಅವನು ಕೊಟ್ಟ ಉದಾಹರಣೆ ಸ್ಪಾರ್ಟಾ. ಏಳನೆಯ ವಯಸ್ಸಿಗೇ ಗಂಡುಮಕ್ಕಳನ್ನು ತಾಯಿಯಿಂದ ಬಿಡಿಸಿ ಯುದ್ಧಕ್ಕೆ ಪಳಗಿಸುತ್ತಿದ್ದ ರಾಜ್ಯವದು. ಯುದ್ಧವಿರುವಷ್ಟು ದಿನ ಅದು ಗಟ್ಟಿಯಾಗಿ ನಿಂತಿತು. ಗೆದ್ದು ಯಜಮಾನನಾದ ಮೇಲೆ ಕುಸಿಯಿತು. ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾ ಎಂಬಲ್ಲಿ ಥೀಬ್ಸಿನವರಿಂದ ಸೋತ ಸ್ಪಾರ್ಟಾ ಮತ್ತೆ ಹಿಂದಿನಂತೆ ತಲೆಯೆತ್ತಲಿಲ್ಲ. ಯುದ್ಧಕ್ಕೆಂದೇ ಬೆಳೆಸಿದ ಜನ ಶಾಂತಿಕಾಲದಲ್ಲಿ ಬಳಸದ ಕಬ್ಬಿಣದಂತೆ ಹರಿತ ಕಳೆದುಕೊಳ್ಳುತ್ತಾರೆ ಎಂದ ಅರಿಸ್ಟಾಟಲ್. ತಪ್ಪು ಅವರಿಗೆ ಬಿಡುವಿನಲ್ಲಿ ಬಾಳಲು ಕಲಿಸದ ಶಾಸನಕರ್ತನದು. ಶಾಂತಿಯನ್ನು ಗಳಿಸುವುದು ಒಂದು ವಿದ್ಯೆ, ಅದರಲ್ಲಿ ಬಾಳುವುದು ಇನ್ನೊಂದು ವಿದ್ಯೆ.

ಅರಿಸ್ಟಾಟಲ್ ಪ್ರೀತಿಯಿಂದ ವಿವರಿಸಿದ ಇನ್ನೊಂದು ಪದ 'ಹೊಮೊನೊಯಾ', ಅಂದರೆ ಒಮ್ಮನಸ್ಸು. ಎಲ್ಲ ವಿಷಯದಲ್ಲೂ ಒಂದೇ ಅಭಿಪ್ರಾಯವಿರುವುದು ಒಮ್ಮನಸ್ಸಲ್ಲ. ಆಕಾಶದ ಗ್ರಹಗಳ ಬಗ್ಗೆ ಇಬ್ಬರೂ ಒಂದೇ ಮಾತು ಹೇಳಿದರೆ ಅದರಿಂದ ಊರಿಗೇನೂ ಆಗಬೇಕಾಗಿಲ್ಲ. ಎಲ್ಲರಿಗೂ ಒಳಿತಾಗುವ ಕೆಲಸ ಯಾವುದೆಂದು ಒಪ್ಪಿ ಅದನ್ನು ಮಾಡುವುದೇ ಒಮ್ಮನಸ್ಸು. ಲಾಭದಲ್ಲಿ ಹೆಚ್ಚು ಪಾಲು, ದುಡಿಮೆಯಲ್ಲಿ ಕಡಿಮೆ ಪಾಲು ಬೇಕೆನ್ನುವವರ ನಡುವೆ ಅದು ನಿಲ್ಲದು. ಈ ಮಾತಿಗೆ ವಿವರಣೆ ಬೇಕೇ? ಕೂಡುಕುಟುಂಬದ ಹಿರಿಯರನ್ನು ಕೇಳಿದರೆ ಸಾಕು.

ಒಮ್ಮನಸ್ಸಿನ ಮಾತು ಬಂದಾಗ ಗೋರ್ಗಿಯಾಸ್ ಎಂಬ ಮಹಾಭಾಷಣಕಾರನ ಕತೆಯನ್ನು ಮರೆಯುವಂತಿಲ್ಲ. ಅವನು ಒಲಿಂಪಿಯಾದಲ್ಲಿ ನೆರೆದ ಗ್ರೀಕರಿಗೆ ಒಮ್ಮನಸ್ಸಿನ ಬಗ್ಗೆ ಭರ್ಜರಿ ಭಾಷಣ ಮಾಡಿದ. ಆಗ ಒಬ್ಬ ಚೇಷ್ಟೆಗಾರ, ಇವನ ಮನೆಯಲ್ಲಿರುವುದು ಇವನು, ಇವನ ಹೆಂಡತಿ, ಒಬ್ಬಳು ಕೆಲಸದಾಕೆ, ಈ ಮೂವರಲ್ಲೇ ಒಮ್ಮನಸ್ಸು ತರಲಾಗದವನು ನಮಗೆಲ್ಲ ಬುದ್ಧಿ ಹೇಳುತ್ತಾನೆ ಎಂದು ಛೇಡಿಸಿದನಂತೆ. ಇತಿಹಾಸಕಾರ ಪ್ಲುಟಾರ್ಕ್ ಇದನ್ನು ದಂಪತಿಗಳಿಗೆ ಬರೆದ ಹಿತವಚನದಲ್ಲಿ ದಾಖಲಿಸಿದ್ದಾನೆ. ಮನೆ ಗೆದ್ದು ಮಾರು ಗೆಲ್ಲು ಎಂಬ ನಮ್ಮ ಗಾದೆ ಆ ಗ್ರೀಕರಿಗೂ ಗೊತ್ತಿದ್ದಂತಿದೆ!

ತೋಟ ಮತ್ತು ಮೊಗಸಾಲೆ

ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತ ಮೇಲೆ ಅವನ ಸೇನಾಪತಿಗಳು ರಾಜ್ಯವನ್ನು ಹರಿದು ಹಂಚಿಕೊಂಡರು. ಪುಟ್ಟ ನಗರರಾಜ್ಯಗಳ ಅಳಿವು ಉಳಿವು ದೂರದ ದೊರೆಗಳ ಕೈಗೆ ಹೋಯಿತು. ಊರಿನ ಶಾಂತಿ ತಮ್ಮ ಕೈಯಲ್ಲಿಲ್ಲದಾಗ ಜ್ಞಾನಿಗಳು ಮನಸ್ಸಿನ ಶಾಂತಿಯತ್ತ ತಿರುಗಿದರು.

ಎಪಿಕ್ಯೂರಸ್ ಅಥೆನ್ಸಿನ ಅಂಚಿನಲ್ಲಿ ಒಂದು ತೋಟ ಕೊಂಡು ಗೆಳೆಯರೊಡನೆ ನೆಲೆಸಿದ. ಅವನ ಗುರಿ 'ಅಟರಾಕ್ಸಿಯಾ', ಅಂದರೆ ಕಲಕದ ಮನಸ್ಸು. ಅವನನ್ನು ಭೋಗಿಯೆಂದು ಜರೆದವರುಂಟು. ಆದರೆ ಅವನು ಹೇಳಿದ್ದು ಮಿತವಾದ ಆಸೆ, ಸರಳ ಊಟ, ನಂಬಿಕೆಯ ಸ್ನೇಹ. ಹೆಂಗಸರಿಗೂ ಗುಲಾಮರಿಗೂ ಆ ತೋಟದ ಬಾಗಿಲು ತೆರೆದಿತ್ತು. ಕ್ರಿ.ಪೂ. 295ರ ಸುಮಾರಿಗೆ ಡಿಮಿಟ್ರಿಯಸ್ ದೊರೆ ಅಥೆನ್ಸಿಗೆ ಮುತ್ತಿಗೆ ಹಾಕಿದಾಗ ಊರಲ್ಲಿ ಘೋರ ಕ್ಷಾಮ. ಆಗ ಎಪಿಕ್ಯೂರಸ್ ಅವರೆಯಂಥ ಕಾಳುಗಳನ್ನು ಒಂದೊಂದಾಗಿ ಎಣಿಸಿ ಹಂಚಿ ತನ್ನವರ ಜೀವ ಉಳಿಸಿದನೆಂದು ಪ್ಲುಟಾರ್ಕ್ ಬರೆಯುತ್ತಾನೆ. ಸಮಪಾಲಿನಲ್ಲಿ ಹಂಚಿದ ಆ ಕಾಳುಗಳಲ್ಲಿ ನ್ಯಾಯವೂ ಇತ್ತು, ಶಾಂತಿಯೂ ಇತ್ತು.

ಸೈಪ್ರಸ್ಸಿನಿಂದ ಬಂದ ಜೀನೋ ಪಾಠ ಹೇಳಿದ್ದು ಪೇಟೆಯ ಚೌಕದ ಚಿತ್ರಮಯ ಮೊಗಸಾಲೆಯಲ್ಲಿ. 'ಸ್ಟೋವಾ' ಎಂಬ ಆ ಮೊಗಸಾಲೆಯಿಂದಲೇ ಅವನ ಶಿಷ್ಯರಿಗೆ ಸ್ಟೋಯಿಕರು ಎಂಬ ಹೆಸರು ಬಂತು. ಅಲ್ಲಿಯ ಗೋಡೆಗಳ ಮೇಲೆ ಟ್ರಾಯ್ ಮತ್ತು ಮ್ಯಾರಥಾನ್ ಯುದ್ಧಗಳ ಚಿತ್ರಗಳಿದ್ದವು. ಸ್ಪಾರ್ಟಾದವರಿಂದ ಕಸಿದುಕೊಂಡ ಗುರಾಣಿಗಳನ್ನೂ ಅಲ್ಲಿ ತೂಗುಹಾಕಿದ್ದರು. ಆ ಗುರಾಣಿಗಳ ನೆರಳಿನಲ್ಲಿ ಕುಳಿತು, ಎಲ್ಲ ಮನುಷ್ಯರೂ ಒಂದೇ ಲೋಕದ ಪ್ರಜೆಗಳು ಎಂಬ ವಿಚಾರವನ್ನು ಸ್ಟೋಯಿಕರು ಬೆಳೆಸಿದರು.

ಈ ಪರಂಪರೆಯ ಎಪಿಕ್ಟೀಟಸ್ ಹುಟ್ಟಿನಿಂದ ಗುಲಾಮ. ಬಿಡುಗಡೆ ಪಡೆದ ಮೇಲೆ ನಿಕೊಪೊಲಿಸ್ ಎಂಬ ಊರಿನಲ್ಲಿ ಶಾಲೆ ನಡೆಸಿದ. ಚಕ್ರವರ್ತಿ ಅಗಸ್ಟಸ್ ತನ್ನ ಗೆಲುವಿನ ನೆನಪಿಗೆ ಕಟ್ಟಿಸಿದ 'ವಿಜಯಪುರ' ಅದು. ಅಲ್ಲಿ ಕುಳಿತೇ ಅವನು ಹೇಳಿದ್ದು: ಚಕ್ರವರ್ತಿ ನಮಗೆ ಯುದ್ಧದಿಂದ, ದರೋಡೆಯಿಂದ, ಕಡಲ್ಗಳ್ಳರಿಂದ ರಕ್ಷಣೆ ಕೊಡಬಲ್ಲ. ಆದರೆ ಜ್ವರದಿಂದ, ದುಃಖದಿಂದ, ಹೊಟ್ಟೆಕಿಚ್ಚಿನಿಂದ ರಕ್ಷಿಸಬಲ್ಲನೇ? ಸಾಮ್ರಾಜ್ಯ ಕೊಡುವ ಶಾಂತಿಯ ಎಲ್ಲೆ ಎಲ್ಲಿ ಮುಗಿಯುತ್ತದೆಂದು ಒಬ್ಬ ಮಾಜಿ ಗುಲಾಮ ತೋರಿಸಿಕೊಟ್ಟ.

ಬಾಗಿಲ ಹೊರಗೆ ಉಳಿದವರು

ಇಷ್ಟೆಲ್ಲ ಮೆಚ್ಚಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಪ್ಲೇಟೋವಿನ ಯುದ್ಧನೀತಿ ಗ್ರೀಕರ ನಡುವೆ ಮಾತ್ರ. ಪರಭಾಷಿಕರೊಡನೆ ಈಗ ಗ್ರೀಕರು ಗ್ರೀಕರೊಡನೆ ಹೋರಾಡುವಂತೆ ಹೋರಾಡಿ ಎಂದುಬಿಟ್ಟ. ಕೆಲವರು ಸ್ವಭಾವತಃ ಗುಲಾಮರೆಂದ ಅರಿಸ್ಟಾಟಲ್, ಅಂಥವರು ಆಳ್ವಿಕೆಗೆ ಒಪ್ಪದಿದ್ದರೆ ಅವರ ಮೇಲಿನ ಯುದ್ಧ ನ್ಯಾಯವೇ ಎಂದ. ಎಪಿಕ್ಯೂರಸನ ತೋಟ ಹೊರಗಿನ ಲೋಕದ ಗೊಡವೆಯಿಂದ ದೂರ ಉಳಿಯಿತು. ಸ್ಟೋಯಿಕರು ಗುಲಾಮನನ್ನು ಬಂಧುವೆಂದು ಕರೆದರೂ ಗುಲಾಮಗಿರಿಯನ್ನು ಕಿತ್ತೊಗೆಯಲು ಹೊರಡಲಿಲ್ಲ. ಪ್ರತಿಯೊಬ್ಬರೂ ಶಾಂತಿಯ ಮನೆ ಕಟ್ಟಿದರು. ಆದರೆ ಪ್ರತಿ ಮನೆಯ ಬಾಗಿಲ ಹೊರಗೂ ಯಾರೋ ಉಳಿದೇ ಹೋದರು.

ಐರೇನೆ ಎಂಬ ಪದದ ಪ್ರಯಾಣವೂ ಮುಂದುವರಿಯಿತು. ಕ್ರಿ.ಪೂ. 3ನೆಯ ಶತಮಾನದಿಂದ ಅಲೆಕ್ಸಾಂಡ್ರಿಯಾದ ಯೆಹೂದ್ಯರು ತಮ್ಮ ಪವಿತ್ರ ಗ್ರಂಥಗಳನ್ನು ಗ್ರೀಕಿಗೆ ತರುವಾಗ 'ಶಾಲೋಮ್' ಎಂಬ ಹೀಬ್ರೂ ಪದಕ್ಕೆ ಸಾಮಾನ್ಯವಾಗಿ ಐರೇನೆಯನ್ನೇ ಬಳಸಿದರು. ಶಾಲೋಮ್ ಎಂದರೆ ಜಗಳವಿಲ್ಲದಿರುವುದಷ್ಟೇ ಅಲ್ಲ, ಯಾವುದಕ್ಕೂ ಕೊರತೆಯಿಲ್ಲದ ಪೂರ್ಣತೆ, ಕ್ಷೇಮ. ಹೀಗೆ ಹೊಸ ಅರ್ಥ ತುಂಬಿಕೊಂಡ ಪದವೇ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಶಾಂತಿಗೆ ನಿಂತಿತು. ಸಂತ ಪೌಲರು ತಮ್ಮ ಪತ್ರಗಳ ಆರಂಭದಲ್ಲಿ ಹಾರೈಸುವುದೂ ಅದನ್ನೇ. ಅದೇ ಪೌಲರು ಅಥೆನ್ಸಿನ ಪೇಟೆಯ ಚೌಕದಲ್ಲಿ ಎಪಿಕ್ಯೂರಸನ ಮತ್ತು ಸ್ಟೋಯಿಕರ ಅನುಯಾಯಿಗಳೊಡನೆ ಚರ್ಚಿಸಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ನಾವು ಓದುತ್ತೇವೆ.

ಈ ದೀರ್ಘ ಹಾದಿಯಿಂದ ನಾವು ಮನೆಗೆ ತರಬೇಕಾದದ್ದೇನು? ಹೆಸಿಯಡ್ ಹೇಳಿದಂತೆ ಶಾಂತಿ ಒಂಟಿಯಾಗಿ ಬರುವುದಿಲ್ಲ. ನ್ಯಾಯವನ್ನು ಹೊಸಿಲಲ್ಲೇ ತಡೆದರೆ ಅವಳೂ ಅಲ್ಲಿಂದಲೇ ಹಿಂದಿರುಗುತ್ತಾಳೆ. ಪಾಲಿಗಾಗಿ ಮುರಿದ ಸಂಬಂಧಗಳು, ವರ್ಷಗಟ್ಟಲೆ ನಿಂತುಹೋದ ಮಾತುಗಳು ನಮ್ಮ ಕುಟುಂಬಗಳಲ್ಲೂ ಇವೆ. ಅಲ್ಲಿ ನಾವು ಯಾವ ನ್ಯಾಯಾಧೀಶರಾಗುತ್ತೇವೆ? ತಪ್ಪಿದವರನ್ನು ದೂರವಿಡುವ ಮೊದಲನೆಯವರೇ? ಅವರನ್ನು ತಲೆಬಾಗಿಸಿ ಗೆಲ್ಲುವ ಎರಡನೆಯವರೇ? ಅಥವಾ ಸಲ್ಲಬೇಕಾದ್ದನ್ನು ಸಲ್ಲಿಸಿ, ಯಾರನ್ನೂ ಕಳೆದುಕೊಳ್ಳದೆ, ಮತ್ತೆ ಸ್ನೇಹ ಕಟ್ಟುವ ಮೂರನೆಯವರೇ? ಈ ಹಬ್ಬದ ದಿನಗಳಲ್ಲಿ ಶಾಂತಿಯನ್ನು ಹಾರೈಸುವ ಮುನ್ನ, ನಮ್ಮ ಬಾಗಿಲ ಹೊರಗೆ ಉಳಿದಿರುವವರು ಯಾರೆಂದು ಒಮ್ಮೆ ನೋಡೋಣ. ಮೊದಲ ಹೆಜ್ಜೆ ಅವರ ಕಡೆಗೇ ಇಡೋಣ.